ಜರ್ಮನಿಯಲ್ಲಿ ಮೊದಲ ವರ್ಷ: ಕೈಗೆಟುಕುವ ರೂಮ್ ಹುಡುಕುವವರಿಗೆ

"ಅಕ್ಕಾ, ಟಿಕೆಟ್ ಬುಕ್ ಆಯ್ತು. ರೂಮ್ ಮಾತ್ರ ಇನ್ನೂ ಆಗಿಲ್ಲ."

ಸೆಪ್ಟೆಂಬರ್ ಬಂತೆಂದರೆ ಇಂಥ ಮೆಸೇಜ್‌ಗಳು ಶುರು. ಕೆಲವರು ವಿಮಾನ ಹತ್ತುವ ಹಿಂದಿನ ರಾತ್ರಿ ಬರೆಯುತ್ತಾರೆ. ಒಬ್ಬ ಹುಡುಗ ಇಲ್ಲಿ ಬಂದಿಳಿದು, ಎರಡು ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು, ಸ್ಟೇಷನ್ ಬೆಂಚಿನ ಮೇಲೆ ಕೂತು ಫೋನ್ ಮಾಡಿದ್ದ. ಅವನ ಕಥೆ ಆಮೇಲೆ ಹೇಳುತ್ತೇನೆ. ನಾನು ಜರ್ಮನಿಗೆ ಓದಲು ಬಂದು ಹನ್ನೆರಡು ವರ್ಷ ಆಯ್ತು. ಅಷ್ಟರಲ್ಲಿ ಏಳು ಮನೆ ಬದಲಾಯಿಸಿದ್ದೇನೆ, ಅದರಲ್ಲಿ ಐದು ಮೊದಲ ಮೂರು ವರ್ಷದಲ್ಲೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿರುವುದನ್ನು ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಗೆ ಬರುವ ಮುಂಚೆಯೇ, ಅಗ್ಗದ, ಚೆನ್ನಾಗಿರುವ, ಯೂನಿವರ್ಸಿಟಿ ಪಕ್ಕದ ರೂಮ್ ಪಕ್ಕಾ ಆಗಬೇಕು ಅಂತ ಹಟ ಹಿಡಿಯಬೇಡಿ. ಆ ಹಟ ಇರುವವರನ್ನೇ ಮೋಸಗಾರರು ಹುಡುಕುತ್ತಿರುತ್ತಾರೆ. ಕೆಲಸವನ್ನು ಎರಡು ಮೆಟ್ಟಿಲು ಮಾಡಿಕೊಳ್ಳಿ. ಮೊದಲನೆಯದು, ಬಂದಿಳಿಯಲು ಒಂದು ಜಾಗ. ಮೂರೋ ನಾಲ್ಕೋ ತಿಂಗಳಿಗೆ, ಚಿಕ್ಕದಾದರೂ ಸರಿ, ದೂರವಾದರೂ ಸರಿ. ಆದರೆ ಆ ವಿಳಾಸದಲ್ಲಿ ಅನ್‌ಮೆಲ್ಡುಂಗ್, ಅಂದರೆ ಊರಿನ ಕಚೇರಿಯಲ್ಲಿ ವಿಳಾಸದ ನೋಂದಣಿ, ಮಾಡಿಸಲು ಬಿಡಬೇಕು. ಎರಡನೆಯದು ಒಂದೆರಡು ವರ್ಷ ಇರುವ ರೂಮ್. ಅದನ್ನು ಇಲ್ಲಿಗೆ ಬಂದ ಮೇಲೆ, ಬಾಗಿಲು ತೆಗೆಸಿ, ಒಳಗೆ ಓಡಾಡಿ, ಕಿಟಕಿ ಮುಚ್ಚಿ ತೆರೆದು ನೋಡಿ ತೆಗೆದುಕೊಳ್ಳಿ.

ಎಷ್ಟು ಬಾಡಿಗೆ ಕೊಡಬಹುದು?

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟಿರುತ್ತೀರಿ. ಅದು ತಿಂಗಳಿಗೆ 992ರ ಹಾಗೆ ಕೈಗೆ ಬರುತ್ತದೆ. ಅದರಲ್ಲಿ ಆರೋಗ್ಯ ವಿಮೆಗೆ ಸುಮಾರು 145 ಹೋಗುತ್ತದೆ. ಇನ್ನು ಬಾಡಿಗೆ. ಮೋಸೆಸ್ ಮೆಂಡೆಲ್ಸ್‌ಝೋನ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆ ಪ್ರತಿ ಸೆಮಿಸ್ಟರ್ ಶೇರ್ಡ್ ಮನೆಗಳ ರೂಮ್ ಬಾಡಿಗೆಯ ಲೆಕ್ಕ ಹಾಕುತ್ತದೆ. 2025ರಲ್ಲಿ ದೇಶದ ಸರಾಸರಿ 490 ಯೂರೋ ಆಸುಪಾಸಿನಲ್ಲಿತ್ತು. ಮ್ಯೂನಿಕ್‌ನಲ್ಲಿ 800. ಬರ್ಲಿನ್ 650ರ ಹತ್ತಿರ. ಈಗ ನೀವೇ ಕಳೆದು ನೋಡಿ. ಮ್ಯೂನಿಕ್‌ನಲ್ಲಿ ಸರಾಸರಿ ರೂಮ್ ಹಿಡಿದರೆ, ವಿಮೆ ಕಟ್ಟಿದ ಮೇಲೆ ತಿಂಗಳಿಗೆ ಐವತ್ತು ಯೂರೋ ಕೂಡ ಉಳಿಯುವುದಿಲ್ಲ. ಪಾರ್ಟ್ ಟೈಮ್ ಕೆಲಸ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಸಿಗಬಹುದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಭಾಷೆ ಬರುವುದಿಲ್ಲ, ಕ್ಲಾಸಿನ ವೇಗ ಹಿಡಿಯಲು ಆಗುವುದಿಲ್ಲ, ಕೆಲಸ ಸಿಗುವ ಹೊತ್ತಿಗೆ ಫೆಬ್ರವರಿ ಬಂದಿರುತ್ತದೆ.

ನನ್ನ ಲೆಕ್ಕ ಹೀಗೆ. ಎಲ್ಲ ಸೇರಿ 400ರ ಒಳಗೆ ಸಿಕ್ಕರೆ ನೆಮ್ಮದಿ. 500 ಆದರೆ ಕೈ ಬಿಗಿ ಹಿಡಿಯಬೇಕು. ಅದಕ್ಕಿಂತ ಮೇಲೆ ಹೋಗುವಂತಿದ್ದರೆ ಮನೆಯಿಂದ ಎಷ್ಟು ಬರುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನೂ ಯೂನಿವರ್ಸಿಟಿ ಆರಿಸುತ್ತಿರುವವರಿಗೆ ಒಂದು ಮಾತು. ಊರಿನ ಹೆಸರು ನೋಡಿ ಮರುಳಾಗಬೇಡಿ. ಚೆಮ್ನಿಟ್ಜ್, ಮಾಗ್ಡೆಬುರ್ಗ್, ಇಲ್ಮೆನೌ ಥರದ ಪೂರ್ವ ಭಾಗದ ಊರುಗಳಲ್ಲಿ ಬಾಡಿಗೆ ದೊಡ್ಡ ಊರಿನ ಅರ್ಧದಷ್ಟೇ. ಅಲ್ಲಿ ಓದಿದವರು ಖುಷಿಯಾಗಿ ಓದಿ ಮುಗಿಸಿದ್ದಾರೆ. ಮ್ಯೂನಿಕ್‌ಗೆ ಬಂದವರು ಎರಡು ವರ್ಷ ರೂಮ್ ಹುಡುಕುತ್ತಲೇ ಓದಿದ್ದೂ ಇದೆ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತವೆ. ಕಾಲ್ಟ್‌ಮೀಟೆ ಅಂದರೆ ತಣ್ಣನೆ ಬಾಡಿಗೆ, ಬರೀ ಜಾಗದ್ದು. ವಾರ್ಮ್‌ಮೀಟೆ ಅಂದರೆ ಬಿಸಿ ಬಾಡಿಗೆ. ಅದರಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚೆಲ್ಲ ಸೇರಿರುತ್ತದೆ. ಈ ಖರ್ಚುಗಳಿಗೆ ನೇಬನ್‌ಕೋಸ್ಟನ್ ಅನ್ನುತ್ತಾರೆ. ಯಾವಾಗಲೂ ಬಿಸಿ ಬಾಡಿಗೆಯನ್ನೇ ಕೇಳಿ. ಕರೆಂಟ್ ಮತ್ತು ಇಂಟರ್‌ನೆಟ್ ಅದರಲ್ಲಿದೆಯಾ ಅಂತ ಮತ್ತೆ ಕೇಳಿ, ಏಕೆಂದರೆ ಎಷ್ಟೋ ಕಡೆ ಇರುವುದಿಲ್ಲ. ಇನ್ನೊಂದು, ನೇಬನ್‌ಕೋಸ್ಟನ್ ಬಹಳ ಕಡೆ ಬರೀ ಅಂದಾಜು. ವರ್ಷ ಮುಗಿದ ಮೇಲೆ ಲೆಕ್ಕ ಬರುತ್ತದೆ. ಚಳಿಗಾಲವಿಡೀ ಹೀಟರ್ ಐದರಲ್ಲಿಟ್ಟು ಕಿಟಕಿ ಓರೆ ತೆರೆದು ಮಲಗಿದವರಿಗೆ ಮುಂದಿನ ವರ್ಷ ಮುನ್ನೂರು ಯೂರೋ ಕಟ್ಟಿ ಅಂತ ಕಾಗದ ಬಂದಿದ್ದನ್ನು ನಾನು ನೋಡಿದ್ದೇನೆ. ಮೊದಲ ವರ್ಷ ನನಗೇ ಬಂದಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಹಾಸ್ಟೆಲ್: ಅರ್ಜಿ ಇವತ್ತೇ ಹಾಕಿ

ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಅಗ್ಗವಾದ ಜಾಗ ಷ್ಟುಡೀರೆಂಡನ್‌ವೆರ್ಕ್ ಅನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್. ಇಲ್ಲಿ ಅದಕ್ಕೆ ವೋನ್‌ಹೈಮ್ ಅನ್ನುತ್ತಾರೆ. ನಮ್ಮ ಹುಡುಗರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಅಡ್ಮಿಷನ್ ಸಿಕ್ಕಿತಲ್ಲ, ಹಾಸ್ಟೆಲ್ ತಾನಾಗೇ ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಷ್ಟುಡೀರೆಂಡನ್‌ವೆರ್ಕ್ ಯೂನಿವರ್ಸಿಟಿಯ ಭಾಗವೇ ಅಲ್ಲ, ಬೇರೆ ಸಂಸ್ಥೆ. ದೇಶದಲ್ಲಿ ಇಂಥವು 57 ಇವೆ. ಒಂದೊಂದು ಒಂದೊಂದು ಊರನ್ನು ಅಥವಾ ಪ್ರದೇಶವನ್ನು ನೋಡಿಕೊಳ್ಳುತ್ತದೆ. ಅರ್ಜಿ ಬೇರೆ, ಫಾರ್ಮ್ ಬೇರೆ, ಕಾಯುವ ಪಟ್ಟಿ ಬೇರೆ.

ಕೆಲವು ಊರುಗಳಲ್ಲಿ ಅಡ್ಮಿಷನ್ ಪತ್ರ ಬರುವ ಮುಂಚೆಯೇ ಅರ್ಜಿ ಹಾಕಬಹುದು. ಕೆಲವು ಕಡೆ ಪತ್ರ ಬೇಕು. ನಿಮ್ಮ ಊರಿನ ನಿಯಮ ಇವತ್ತೇ ಓದಿ, ಹಾಕಲು ಬಿಡುವ ಮೊದಲ ದಿನವೇ ಹಾಕಿ. ಫಾರ್ಮ್‌ನಲ್ಲಿ ಯಾವ ಹಾಸ್ಟೆಲ್ ಬೇಕು ಅಂತ ಕೇಳಿದರೆ ಎಲ್ಲಕ್ಕೂ ಟಿಕ್ ಹಾಕಿ. ಸ್ವಂತ ಬಾತ್‌ರೂಮ್ ಇರುವ ಅಪಾರ್ಟ್‌ಮೆಂಟೇ ಬೇಕು ಅಂತ ಕೂತರೆ ಕಾಯುತ್ತಲೇ ಇರಬೇಕಾಗುತ್ತದೆ. ಉದ್ದ ಕಾರಿಡಾರ್, ಎರಡೂ ಕಡೆ ರೂಮ್‌ಗಳು, ಕೊನೆಯಲ್ಲಿ ಹತ್ತು ಹನ್ನೆರಡು ಜನಕ್ಕೆ ಒಂದೇ ಅಡುಗೆಮನೆ, ಇಂಥ ಹಳೇ ಕಟ್ಟಡಗಳಲ್ಲೇ ಬಾಡಿಗೆ ಕಮ್ಮಿ. ಸಾಲೂ ಬೇಗ ಕರಗುತ್ತದೆ. ನನ್ನ ಮೊದಲ ಗೆಳತಿಯರು ಸಿಕ್ಕಿದ್ದು ಅಂಥ ಒಂದು ಅಡುಗೆಮನೆಯಲ್ಲೇ. ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಮಹಡಿ ಹೊರಗೆ ಬಂದು ನಿಂತಿತ್ತು. ಪರಿಚಯ ಹಾಗೆ ಆಯ್ತು.

ಅರ್ಜಿ ಹಾಕಿ ಮರೆತುಬಿಡಬೇಡಿ. ಕೆಲವು ಕಡೆ "ಇನ್ನೂ ಬೇಕು" ಅಂತ ಆಗಾಗ ಲಾಗಿನ್ ಆಗಿ ಒತ್ತಬೇಕು. ಒತ್ತದಿದ್ದರೆ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರೆ. ಆಫರ್ ಬಂದರೆ ಉತ್ತರ ಕೊಡಲು ಕೆಲವೇ ದಿನ ಇರುತ್ತವೆ, ಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿರುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಕಾಯುವುದು ಸೆಮಿಸ್ಟರ್‌ಗಟ್ಟಲೆ. ಆದರೂ ಹಾಕಿ. ಮೂರನೇ ಸೆಮಿಸ್ಟರ್‌ನಲ್ಲಿ ಬಂದರೂ ಉಳಿದ ದಿನಗಳಿಗೆ ಲಾಭವೇ ಅಲ್ವಾ? ಅಲ್ಲಿಯ ಒಲಿಂಪಿಕ್ ಹಳ್ಳಿಯಲ್ಲಿ, 1972ರ ಕ್ರೀಡಾಕೂಟಕ್ಕೆ ಬಂದ ಮಹಿಳಾ ಕ್ರೀಡಾಪಟುಗಳು ಉಳಿದುಕೊಂಡಿದ್ದ ಜಾಗದಲ್ಲಿ, ಈಗ ಸಾವಿರಕ್ಕೂ ಜಾಸ್ತಿ ಪುಟಾಣಿ ಮನೆಗಳು ವಿದ್ಯಾರ್ಥಿಗಳಿಗಿವೆ. ಮುಂದಿನ ಗೋಡೆಗೆ ನಿಮಗೆ ಇಷ್ಟವಾದ ಬಣ್ಣ, ಚಿತ್ರ ಬರೆದುಕೊಳ್ಳಬಹುದು. ಸಿಗುವುದು ಕಷ್ಟ. ಸುಮ್ನೆ ನೋಡಿಕೊಂಡು ಬರಲಾದರೂ ಹೋಗಿ.

ಷ್ಟುಡೀರೆಂಡನ್‌ವೆರ್ಕ್ ಬಿಟ್ಟು ಚರ್ಚ್‌ಗಳು ನಡೆಸುವ ಹಾಸ್ಟೆಲ್‌ಗಳೂ ಇವೆ. ಬಹಳ ಕಡೆ ಯಾವ ಧರ್ಮದವರನ್ನಾದರೂ ಸೇರಿಸಿಕೊಳ್ಳುತ್ತಾರೆ. ಒಂದು ಕಾಗದ ಬರೆಯಿರಿ ಅನ್ನುತ್ತಾರೆ, ಕೆಲವೊಮ್ಮೆ ಮಾತಾಡಲು ಕರೆಯುತ್ತಾರೆ. ನಮ್ಮವರು ಅಲ್ಲಿಗೆ ಅರ್ಜಿ ಹಾಕುವುದೇ ಕಮ್ಮಿ. ಇನ್ನು ಖಾಸಗಿ ಕಂಪನಿಗಳ ಹೊಳೆಯುವ ಹಾಸ್ಟೆಲ್‌ಗಳು. ಜಿಮ್, ಲಾಂಜ್, ಚಂದದ ಫೋಟೋ. ರೂಮ್ ಬೇಗ ಸಿಗುತ್ತದೆ, ಬಾಡಿಗೆ ಚುರುಕು ಮುಟ್ಟಿಸುತ್ತದೆ. ಇಂತಿಷ್ಟು ತಿಂಗಳು ಬಿಡುವ ಹಾಗಿಲ್ಲ ಅನ್ನುವ ಷರತ್ತು ಅಗ್ರಿಮೆಂಟಿನೊಳಗೆ ಇದೆಯಾ ನೋಡಿಕೊಳ್ಳಿ.

ಈಗ ಆ ಸ್ಟೇಷನ್ ಬೆಂಚಿನ ಹುಡುಗನ ಕಥೆ. ಅವನಿಗೆ ಹಾಸ್ಟೆಲ್ ಸಿಕ್ಕಿತ್ತು! ಅಗ್ರಿಮೆಂಟ್ ಕೈಯಲ್ಲಿತ್ತು. ಆದರೆ ಕೀಲಿ ಕೊಡುವುದು ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರು ಇರುವುದು ವಾರದ ದಿನ, ಬೆಳಗಿನ ಕೆಲವು ಗಂಟೆ. ಆ ವರ್ಷ ಅಕ್ಟೋಬರ್ 3 ಶುಕ್ರವಾರ ಬಿದ್ದಿತ್ತು. ಅದು ಇಲ್ಲಿನ ರಾಷ್ಟ್ರೀಯ ರಜೆ. ಇವನು ಬಂದಿಳಿದಿದ್ದು ಗುರುವಾರ ಸಂಜೆ. ಕೀಲಿ ಸೋಮವಾರ. ನಾಲ್ಕು ರಾತ್ರಿ ನಮ್ಮ ಮನೆ ಸೋಫಾ ಮೇಲೆ ಮಲಗಿದ. ಟಿಕೆಟ್ ಬುಕ್ ಮಾಡುವ ಮುಂಚೆ ಕೀಲಿ ಯಾವ ದಿನ, ಯಾವ ಹೊತ್ತಿಗೆ ಅಂತ ಮೇಲ್ ಹಾಕಿ ಕೇಳಿ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಇಳಿಯುವ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ವೇಗೇ ಅನ್ನುವ ಲೋಕ

ಹಾಸ್ಟೆಲ್ ಸಿಗದವರಿಗೆ ವೇಗೇ. ಮೂರೋ ನಾಲ್ಕೋ ಜನ ಒಂದು ಮನೆ ಹಂಚಿಕೊಳ್ಳುವುದು, ಒಬ್ಬೊಬ್ಬರಿಗೆ ಒಂದು ರೂಮ್. ವೇಗೇ–ಗೆಸೂಖ್ಟ್ ಅನ್ನುವ ಸೈಟ್‌ನಲ್ಲಿ ಜಾಸ್ತಿ ಸಿಗುತ್ತವೆ, ಕ್ಲೈನ್‌ಆನ್‌ಟ್ಸೈಗನ್‌ನಲ್ಲಿ ಕೆಲವು. ಇಲ್ಲಿ ಮನೆ ಮಾಲೀಕರಿಗಿಂತ ಆ ಮನೆಯಲ್ಲಿ ಈಗಾಗಲೇ ಇರುವವರು ನಿಮ್ಮನ್ನು ಆರಿಸುತ್ತಾರೆ. ಅದಕ್ಕೆ ಕಾಸ್ಟಿಂಗ್ ಅಂತಲೇ ಹೆಸರು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟು ಮಾತಾಡಿಸುತ್ತಾರೆ. ಯಾವ ಕೋರ್ಸ್ ಅನ್ನುವುದಕ್ಕಿಂತ ಪಾತ್ರೆ ತೊಳೆಯುತ್ತೀಯಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯಾ, ಭಾನುವಾರ ಏನು ಮಾಡುತ್ತೀಯಾ ಅನ್ನುವುದೇ ಮುಖ್ಯ.

ಹಾಗಾಗಿ ನಿಮ್ಮ ಮೊದಲ ಮೆಸೇಜ್ ಮೇಲೆ ಎಲ್ಲ ನಿಂತಿದೆ. ದೊಡ್ಡ ಊರಿನಲ್ಲಿ ಒಂದು ಜಾಹೀರಾತಿಗೆ ರಾಶಿ ಮೆಸೇಜ್ ಬೀಳುತ್ತವೆ. "ಡಿಯರ್ ಸರ್, ಐ ಆಮ್ ಇಂಟರೆಸ್ಟೆಡ್ ಇನ್ ಯುವರ್ ರೂಮ್" ಅಂತ ಬರೆದರೆ ಅದನ್ನು ಯಾರೂ ಓದುವುದೂ ಇಲ್ಲ. ಜಾಹೀರಾತು ಕೊಟ್ಟಿರುವುದು ಇಪ್ಪತ್ತೆರಡು ವರ್ಷದ ಹುಡುಗಿ, ಅವಳನ್ನು ಸರ್ ಅಂದರೆ ಹೇಗೆ? ಅವರು ಬರೆದಿರುವುದನ್ನು ಪೂರ್ತಿ ಓದಿ. ಬೆಕ್ಕು ಇದೆ ಅಂದಿದ್ದರೆ ಬೆಕ್ಕಿನ ಬಗ್ಗೆ ಒಂದು ಮಾತು ಬರೆಯಿರಿ. ನೀವು ಯಾರು, ಎಲ್ಲಿ ಓದುತ್ತೀರಿ, ಯಾವಾಗಿನಿಂದ ಎಲ್ಲಿವರೆಗೆ ರೂಮ್ ಬೇಕು, ಬಿಡುವಿನಲ್ಲಿ ಏನು ಮಾಡುತ್ತೀರಿ, ಎಂಟು ಹತ್ತು ಸಾಲು ಸಾಕು. ಜರ್ಮನ್ ಸ್ವಲ್ಪ ಬಂದರೆ ಜರ್ಮನ್‌ನಲ್ಲೇ ಬರೆಯಿರಿ, ತಪ್ಪಿದ್ದರೂ ಪರವಾಗಿಲ್ಲ. ಆದರೆ ಯಂತ್ರದಿಂದ ಬರೆಸಿದ ನುಣುಪು ಜರ್ಮನ್ ಕಳಿಸಿ, ವೀಡಿಯೋ ಕಾಲ್‌ನಲ್ಲಿ ಒಂದು ಮಾತೂ ಬರದೆ ಒದ್ದಾಡಬೇಡಿ. ಜಾಹೀರಾತು ಬಿದ್ದ ಒಂದೆರಡು ಗಂಟೆಯೊಳಗೆ ಮೆಸೇಜ್ ಹೋಗಬೇಕು. ಮಾರನೇ ದಿನ ಕಳಿಸಿದ್ದು ರಾಶಿಯ ಅಡಿಯಲ್ಲಿರುತ್ತದೆ.

ಐವತ್ತು ಕಳಿಸಿದರೆ ಐದು ಉತ್ತರ ಬರಬಹುದು, ಎರಡು ಕಡೆ ಕರೆಯಬಹುದು. ಬೇಜಾರಾಗುತ್ತದೆ. ಬಣ್ಣ ನೋಡಿ ಬಿಟ್ಟರಾ, ಹೆಸರು ನೋಡಿ ಬಿಟ್ಟರಾ ಅನ್ನಿಸುತ್ತದೆ. ಕೆಲವು ಸಲ ಅದೂ ಇರುತ್ತದೆ, ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲಿಯವರಿಗೂ ಐವತ್ತಕ್ಕೆ ಐದೇ ಬರುತ್ತವೆ.

ಟ್ಸ್ವಿಷನ್‌ಮೀಟೆ ಅನ್ನುವ ಪದ ನೆನಪಿಟ್ಟುಕೊಳ್ಳಿ. ಮೊದಲ ಮೆಟ್ಟಿಲು ಅಂದೆನಲ್ಲ, ಅದಕ್ಕೆ ಇದೇ ಸರಿ. ಯಾರೋ ಆರು ತಿಂಗಳು ಬೇರೆ ದೇಶಕ್ಕೆ ಓದಲು ಹೋಗುತ್ತಾರೆ, ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುತ್ತಾರೆ, ಅಷ್ಟು ದಿನಕ್ಕೆ ತಮ್ಮ ರೂಮನ್ನು ಸಾಮಾನಿನ ಸಮೇತ ಕೊಟ್ಟು ಹೋಗುತ್ತಾರೆ. ಮಂಚ, ಮೇಜು, ಪಾತ್ರೆ ಎಲ್ಲ ಇರುತ್ತವೆ. ದಿನ ಎಣಿಕೆಯದ್ದಾದ್ದರಿಂದ ಪೈಪೋಟಿಯೂ ಕಮ್ಮಿ. ಆಗಸ್ಟ್, ಸೆಪ್ಟೆಂಬರ್ ರಜೆಯಲ್ಲಿ ಮತ್ತು ಫೆಬ್ರವರಿ, ಮಾರ್ಚ್‌ನಲ್ಲಿ ಇವು ಜಾಸ್ತಿ. ವೀಸಾ ಬೇಗ ಬಂದರೆ ಆಗಸ್ಟ್ ಕೊನೆಗೇ ಬಂದುಬಿಡಿ. ಅಕ್ಟೋಬರ್ ಶುರುವಾದರೆ ಇಡೀ ದೇಶದ ಹೊಸ ವಿದ್ಯಾರ್ಥಿಗಳು ಒಟ್ಟಿಗೆ ರೂಮ್ ಹುಡುಕುತ್ತಿರುತ್ತಾರೆ. ನವೆಂಬರ್ ಕಳೆದ ಮೇಲೆ ಮತ್ತೆ ಉಸಿರಾಡಬಹುದು. ಜನವರಿಯಲ್ಲಿ ಹುಡುಕಿದವರಿಗೆ, ಅಕ್ಟೋಬರ್‌ನಲ್ಲಿ ಕನಸಲ್ಲೂ ಕಾಣದ ರೂಮ್ ಸಿಕ್ಕಿದ್ದಿದೆ.

ನಮ್ಮವರ ಮನೆಗಳ ಬಗ್ಗೆಯೂ ಹೇಳಬೇಕು. ವಾಟ್ಸಾಪ್ ಗುಂಪುಗಳಲ್ಲಿ "ಶೇರಿಂಗ್ ಬೆಡ್ ಇದೆ, 250" ಅಂತ ಬರುತ್ತದೆ. ಒಂದು ತಿಂಗಳಿಗೆ ಇಳಿದುಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ. ಊಟ ಸಿಗುತ್ತದೆ, ಮಾತು ಸಿಗುತ್ತದೆ, ಸಿಮ್ ಕಾರ್ಡ್ ಎಲ್ಲಿ ತಗೊಳ್ಳಬೇಕು ಅಂತ ಹೇಳುವವರಿರುತ್ತಾರೆ. ಆದರೆ ಇಬ್ಬರಿಗೆ ಅಂತ ಅಗ್ರಿಮೆಂಟ್ ಮಾಡಿಕೊಂಡ ಮನೆಯಲ್ಲಿ ಆರು ಜನ ಮಲಗಿರುವುದೂ ಇದೆ. ಮಾಲೀಕರಿಗೆ ಗೊತ್ತಾದರೆ ಎಲ್ಲರೂ ಒಟ್ಟಿಗೆ ಬೀದಿಗೆ. ಇಲ್ಲಿ ಒಳಬಾಡಿಗೆಗೆ ಕೊಡಲು ಮಾಲೀಕರ ಒಪ್ಪಿಗೆ ಬೇಕೇ ಬೇಕು. ಕೇಳಬೇಕಾದ ಪ್ರಶ್ನೆ ಒಂದೇ: "ಅನ್‌ಮೆಲ್ಡುಂಗ್ ಆಗುತ್ತಾ?" ಉತ್ತರ ತಡವರಿಸಿದರೆ ಅದು ಸ್ನೇಹಿತನ ಮನೆ ಅಂದುಕೊಂಡು ಕೆಲವು ದಿನ ಇದ್ದು ಹೊರಡಿ.

ಕನ್ನಡ ಸಂಘಗಳೂ ಇವೆ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ. ಅವು ರೂಮ್ ಏಜೆನ್ಸಿ ಅಲ್ಲ. ಆದರೆ ಜನರ ಪರಿಚಯ ಆಗುವ ಜಾಗ. ಯಾರಿಗೋ ಸಹೋದ್ಯೋಗಿಯ ಮನೆಯ ಮೇಲಿನ ರೂಮ್ ಖಾಲಿ ಇರುವುದು ಗೊತ್ತಿರುತ್ತದೆ. ಅಲ್ಲಿ ಕೇಳುವಾಗ "ರೂಮ್ ಇದ್ಯಾ?" ಅಂತ ಎರಡೇ ಪದ ಹಾಕಬೇಡಿ. ಯಾವ ಯೂನಿವರ್ಸಿಟಿ, ಯಾವ ತಾರೀಖಿನಿಂದ, ಬಿಸಿ ಬಾಡಿಗೆ ಎಷ್ಟರವರೆಗೆ, ಯಾವ ರೈಲು ಲೈನ್ ಆಗುತ್ತದೆ, ಇಷ್ಟು ಬರೆದರೆ ಸಹಾಯ ಮಾಡುವವರಿಗೂ ಸುಲಭ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ವೋನನ್ ಫ್ಯೂರ್ ಹಿಲ್ಫೆ. ವಯಸ್ಸಾದವರ ಮನೆಯಲ್ಲಿ ಒಂದು ರೂಮ್, ಬಾಡಿಗೆಯ ಬದಲು ಕೆಲಸ. ರೂಮಿನ ಒಂದು ಚದರ ಮೀಟರ್‌ಗೆ ತಿಂಗಳಿಗೆ ಒಂದು ಗಂಟೆ ಅನ್ನುವುದು ಲೆಕ್ಕ. ಹದಿನೈದು ಚದರ ಮೀಟರ್ ರೂಮಿಗೆ ತಿಂಗಳಿಗೆ ಹದಿನೈದು ಗಂಟೆ ತೋಟ, ಅಂಗಡಿ, ಜೊತೆಗೆ ಕೂತು ಮಾತು. ನೀರು, ಹೀಟಿಂಗ್ ಖರ್ಚು ಮಾತ್ರ ಕೊಡಬೇಕು. ಜರ್ಮನ್ ಸ್ವಲ್ಪ ಬರಬೇಕು, ಆಮೇಲೆ ತಾನಾಗೇ ಜಾಸ್ತಿ ಬರುತ್ತದೆ. ಎಲ್ಲ ಊರಿನಲ್ಲಿಲ್ಲ, ನಿಮ್ಮೂರಿನ ಷ್ಟುಡೀರೆಂಡನ್‌ವೆರ್ಕ್‌ನಲ್ಲಿ ಕೇಳಿ.

ಅನ್‌ಮೆಲ್ಡುಂಗ್ ಬಿಟ್ಟು ರೂಮ್ ಬೇಡ

ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ "ನಾನು ಇಲ್ಲಿರುತ್ತೇನೆ" ಅಂತ ನೋಂದಾಯಿಸಬೇಕು. ಇದೇ ಅನ್‌ಮೆಲ್ಡುಂಗ್. ಇದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೇಳಲು ಒಂದು ವಾರ ಬೇಕು. ಆದರೆ ಬಾಡಿಗೆ ಅಗ್ರಿಮೆಂಟ್ ಒಂದೇ ತೋರಿಸಿದರೆ ನಡೆಯುವುದಿಲ್ಲ, ಈ ಕಾಗದವೇ ಬೇಕು. ಕೊಡುವುದು ಮನೆ ಕೊಟ್ಟವರ ಕರ್ತವ್ಯ ಅಂತ ಕಾನೂನೇ ಹೇಳುತ್ತದೆ.

ಇದಿಲ್ಲದೆ ಟ್ಯಾಕ್ಸ್ ನಂಬರ್ ಬರುವುದಿಲ್ಲ. ಆ ನಂಬರ್ ಇಲ್ಲದೆ ಪಾರ್ಟ್ ಟೈಮ್ ಕೆಲಸದ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿಯುತ್ತಾರೆ. ವೀಸಾ ಮುಗಿಯುವ ಮುಂಚೆ ವಾಸದ ಪರವಾನಗಿ ಮಾಡಿಸಬೇಕಲ್ಲ, ಅದಕ್ಕೂ ಇದೇ ಬೇಕು. ಬ್ಯಾಂಕಿನವರೂ ಕೇಳುತ್ತಾರೆ. ದೊಡ್ಡ ಊರುಗಳಲ್ಲಿ ಕಚೇರಿಯ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಸಿಗುವುದಿಲ್ಲ, ಹಾಗಾಗಿ ರೂಮ್ ಪಕ್ಕಾ ಆದ ದಿನವೇ ಬುಕ್ ಮಾಡಿ. ಬೆಳಿಗ್ಗೆ ಬೇಗ ಸೈಟ್ ತೆರೆದರೆ ಯಾರೋ ರದ್ದು ಮಾಡಿದ ಸಮಯ ಸಿಗುವುದುಂಟು.

ದುಡ್ಡಿಗೆ ವಿಳಾಸ ಮಾರುವವರೂ ಇದ್ದಾರೆ. ನೀವು ಅಲ್ಲಿರುವುದಿಲ್ಲ, ಕಾಗದ ಮಾತ್ರ ಕೊಡುತ್ತಾರೆ. ಹಾಗೆ ಸುಳ್ಳು ವಿಳಾಸ ಕೊಡುವವರಿಗೆ 50,000 ಯೂರೋವರೆಗೆ ದಂಡ ಹಾಕಲು ಅವಕಾಶ ಇದೆ. ನಿಮ್ಮ ಪರವಾನಗಿಗೂ ಅದು ಒಳ್ಳೆಯದಲ್ಲ. ಆ ಕಡೆ ತಲೆ ಹಾಕಬೇಡಿ.

ಮೋಸ ಹೇಗೆ ಬರುತ್ತದೆ

ಎಲ್ಲ ಮೋಸದ ಕಥೆಗಳೂ ಒಂದೇ ಥರ ಇರುತ್ತವೆ. ಊರಿನ ನಡುವೆ, ಮರದ ನೆಲ, ದೊಡ್ಡ ಕಿಟಕಿ, 350 ಯೂರೋ. ಮಾಲೀಕರು ತುಂಬಾ ಒಳ್ಳೆಯವರು, ಡಾಕ್ಟರ್ ಅಥವಾ ಎಂಜಿನಿಯರ್, ಸದ್ಯ ಬೇರೆ ದೇಶದಲ್ಲಿದ್ದಾರೆ. ಹಾಗಾಗಿ ಮನೆ ತೋರಿಸಲು ಆಗುವುದಿಲ್ಲ. ಡೆಪಾಸಿಟ್ ಕಳಿಸಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ, ಇಷ್ಟವಾಗದಿದ್ದರೆ ದುಡ್ಡು ವಾಪಸ್. ಪ್ರಸಿದ್ಧ ಬುಕಿಂಗ್ ಸೈಟ್‌ನ ಹಾಗೇ ಕಾಣುವ ಒಂದು ಲಿಂಕ್ ಕೂಡ ಕಳಿಸುತ್ತಾರೆ. ನಂಬಿಕೆ ಬರಲಿ ಅಂತ ಯಾರದೋ ಪಾಸ್‌ಪೋರ್ಟ್ ಫೋಟೋ ಕಳಿಸುತ್ತಾರೆ. ಅದು ಇದೇ ಥರ ಮೋಸ ಹೋದ ಹಿಂದಿನವರದ್ದೇ ಇರುತ್ತದೆ. ನಿಮ್ಮದನ್ನು ಕಳಿಸಿದರೆ ಮುಂದಿನ ಸಲ ನಿಮ್ಮದು.

ನೀವಾಗಲಿ, ನಿಮ್ಮ ಕಡೆಯ ಒಬ್ಬರಾಗಲಿ ಒಳಗೆ ಕಾಲಿಡದ ಮನೆಗೆ ಒಂದು ಯೂರೋ ಕೂಡ ಕಳಿಸಬೇಡಿ. ಷ್ಟುಡೀರೆಂಡನ್‌ವೆರ್ಕ್ ಹಾಸ್ಟೆಲ್ ಮಾತ್ರ ಇದಕ್ಕೆ ಹೊರತು, ಅವರು ಮುಂಚೆಯೇ ಡೆಪಾಸಿಟ್ ಕೇಳುತ್ತಾರೆ. ಟ್ಸ್ವಿಷನ್‌ಮೀಟೆ ರೂಮ್ ದೂರದಿಂದ ಹಿಡಿಯಲೇಬೇಕಾದರೆ ಲೈವ್ ವೀಡಿಯೋ ಕಾಲ್ ಮಾಡಿಸಿ. ಕಿಟಕಿಯಿಂದ ಹೊರಗೆ ತೋರಿಸಿ, ಕೆಳಗಿಳಿದು ಬಾಗಿಲ ಗಂಟೆಯ ಮೇಲಿನ ಹೆಸರು ತೋರಿಸಿ ಅನ್ನಿ. ನಿಜವಾದವರು ನಗುತ್ತಾ ತೋರಿಸುತ್ತಾರೆ. ಆ ಊರಿನಲ್ಲಿರುವ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಹೋಗಿ ನೋಡಿ ಬರಲು ಹೇಳಿ. ನಾಚಿಕೆ ಬೇಡ, ನಮಗೂ ಯಾರೋ ಹೀಗೆ ಹೋಗಿ ನೋಡಿ ಬಂದಿದ್ದರು.

ಸಹಿ ಹಾಕುವ ಮುಂಚೆ

ಡೆಪಾಸಿಟ್‌ಗೆ ಇಲ್ಲಿ ಕೌಟ್ಸಿಯೋನ್ ಅನ್ನುತ್ತಾರೆ. ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಕೇಳಲು ಹಿಂಜರಿಯಬೇಡಿ, ಮೊದಲ ತಿಂಗಳು ಕೈಯಲ್ಲಿ ದುಡ್ಡು ಉಳಿಯುವುದು ದೊಡ್ಡ ಮಾತು. ಬ್ರೋಕರ್ ಫೀಸ್ ಕೇಳಿದರೆ, ಬ್ರೋಕರ್‌ನನ್ನು ಕರೆಸಿದ್ದು ಯಾರು ಅಂತ ನೋಡಿ. 2015ರಿಂದ ಬಾಡಿಗೆ ಮನೆಗಳಿಗೆ ಕರೆಸಿದವರೇ ದುಡ್ಡು ಕೊಡಬೇಕು.

ಶೂಫಾ ಅನ್ನುವ ಸಾಲದ ದಾಖಲೆ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಅದರಲ್ಲಿ ಏನೂ ಇರುವುದಿಲ್ಲ. ಅದರ ಬದಲು ಬ್ಲಾಕ್ಡ್ ಅಕೌಂಟ್ ಪತ್ರ, ಯೂನಿವರ್ಸಿಟಿ ಪತ್ರ, ಪಾಸ್‌ಪೋರ್ಟ್, ಒಂದು ಪುಟದ ಪರಿಚಯ, ಇಷ್ಟನ್ನು ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮನೆ ನೋಡಿ ಇಷ್ಟವಾದ ಮೇಲೆ ಕಳಿಸಿ, ಮುಂಚೆ ಬೇಡ.

ಬಿಡುವ ನಿಯಮವನ್ನು ಸೇರುವ ಮುಂಚೆಯೇ ಓದಬೇಕು. ಅವಧಿ ಹಾಕದ ಮಾಮೂಲಿ ಅಗ್ರಿಮೆಂಟ್‌ಗೆ ಮೂರು ತಿಂಗಳ ನೋಟಿಸ್. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ, ಒಂದು ದಿನ ತಡವಾದರೆ ಒಂದು ತಿಂಗಳ ಬಾಡಿಗೆ ಹೋಯಿತು. ನೋಟಿಸ್ ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ ಇರಬೇಕು. ಈಮೇಲ್, ವಾಟ್ಸಾಪ್ ಲೆಕ್ಕಕ್ಕಿಲ್ಲ. ಅವಧಿ ಹಾಕಿದ ಅಗ್ರಿಮೆಂಟ್ ಆದರೆ ಮಧ್ಯದಲ್ಲಿ ಬಿಡುವುದೇ ಕಷ್ಟ. ಮೊದಲ ಮೆಟ್ಟಿಲಿನ ಜಾಗಕ್ಕೆ ಒಂದು ವರ್ಷದ ಅಗ್ರಿಮೆಂಟ್ ಮಾಡಿಕೊಂಡು ಸಿಕ್ಕಿಹಾಕಿಕೊಂಡವರು ಬಹಳ ಜನ.

ಇಲ್ಲಿನ ಒಂದು ವಿಚಿತ್ರ. ಖಾಲಿ ಮನೆ ಬಾಡಿಗೆಗೆ ಕೊಟ್ಟರೆ ಅಡುಗೆಮನೆಯೂ ಖಾಲಿ ಇರಬಹುದು. ಒಲೆ ಇಲ್ಲ, ಸಿಂಕ್ ಇಲ್ಲ, ಗೋಡೆಯಿಂದ ಎರಡು ಪೈಪು ಇಣುಕುತ್ತಿರುತ್ತವೆ. ಹಿಂದಿನವರು ಸಿಂಕನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಗೆಳೆಯರೆಲ್ಲ ಸೇರಿ ಒಂದು ಮನೆ ಹಿಡಿಯೋಣ ಅನ್ನುವವರು ಅಡುಗೆಮನೆ ಇದೆಯಾ ಅಂತ ಮೊದಲು ಕೇಳಿ.

ಕೀಲಿ ತೆಗೆದುಕೊಳ್ಳುವ ದಿನ ಊಬರ್‌ಗಾಬೆ ಪ್ರೊಟೊಕೋಲ್ ಬರೆಸಿಕೊಳ್ಳಿ. ಗೋಡೆಯ ಮೇಲೆ ಏನಿದೆ, ನೆಲದ ಮೇಲೆ ಏನಿದೆ, ಮೀಟರ್ ಎಷ್ಟಿದೆ ಅನ್ನುವುದೆಲ್ಲ ಅದರಲ್ಲಿರಬೇಕು. ನಾನು ಎರಡನೇ ರೂಮಿನಲ್ಲಿ ಇದನ್ನು ಬರೆಸಿಕೊಳ್ಳಲಿಲ್ಲ. ಮಾಲೀಕರು ಅಜ್ಜನ ಥರ ಇದ್ದರು, ಟೀ ಕೊಟ್ಟರು, ಕೇಳಲು ನಾಚಿಕೆಯಾಯ್ತು. ಬಿಡುವ ದಿನ ಕಪಾಟಿನ ಕೆಳಗಿದ್ದ ಹಳೇ ಕಲೆ ತೋರಿಸಿ 400 ಯೂರೋ ಮುರಿದುಕೊಂಡರು. ಆ ಕಪಾಟನ್ನು ನಾನು ಒಂದು ದಿನವೂ ಸರಿಸಿರಲಿಲ್ಲ. ಫೋಟೋ ಇರಲಿಲ್ಲ, ಕಾಗದ ಇರಲಿಲ್ಲ, ಬಾಯಿ ಮುಚ್ಚಿಕೊಂಡು ಬಂದೆ. ಈಗಾದರೆ ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘ ಆಸ್ಟಾಕ್ಕೆ ಹೋಗುತ್ತಿದ್ದೆ. ಬಹಳ ಕಡೆ ಅಲ್ಲಿ ವಕೀಲರ ಸಲಹೆ ಪುಕ್ಕಟೆ ಸಿಗುತ್ತದೆ. ಸಣ್ಣ ವಾರ್ಷಿಕ ಚಂದಾ ಕಟ್ಟಿದರೆ ಬಾಡಿಗೆದಾರರ ಸಂಘ ಮೀಟರ್‌ಫೆರೈನ್ ಕೂಡ ನಿಮ್ಮ ಪರ ಕಾಗದ ಬರೆಯುತ್ತದೆ.

ರೈಲು ಲೈನ್ ನೋಡಿ, ದೂರ ನೋಡಬೇಡಿ

2024ರಿಂದ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಸೆಮಿಸ್ಟರ್ ಶುಲ್ಕದಲ್ಲೇ ಡಾಯ್ಚ್‌ಲಾಂಡ್ ಟಿಕೆಟ್ ಸೇರಿ ಬರುತ್ತದೆ. ಮಾಮೂಲಿ ಬೆಲೆಯ 60 ಶೇಕಡಕ್ಕೆ, ಇಡೀ ದೇಶದ ಬಸ್ಸು, ಟ್ರಾಮ್, ಲೋಕಲ್ ರೈಲು. ಐಸಿಇ, ಐಸಿ ಥರದ ದೂರದ ವೇಗದ ರೈಲುಗಳು ಮಾತ್ರ ಆಗುವುದಿಲ್ಲ. ಇದು ರೂಮ್ ಹುಡುಕುವ ಲೆಕ್ಕವನ್ನೇ ಬದಲಾಯಿಸಿದೆ. ಮ್ಯೂನಿಕ್‌ನಲ್ಲಿ ಓದಿ ಔಗ್ಸ್‌ಬುರ್ಗ್‌ನಲ್ಲಿ ಇರುವವರಿದ್ದಾರೆ, ರೈಲಿನಲ್ಲಿ ಮುಕ್ಕಾಲು ಗಂಟೆ. ಫ್ರಾಂಕ್‌ಫರ್ಟ್‌ನವರಿಗೆ ಹಾನೌ, ಒಫನ್‌ಬಾಖ್. ಪ್ರಯಾಣಕ್ಕೆ ಬೇರೆ ಖರ್ಚಿಲ್ಲ, ಬಾಡಿಗೆಯಲ್ಲಿ ನೂರು ಇನ್ನೂರು ಉಳಿಯುತ್ತದೆ.

ಆದರೆ ನಕ್ಷೆಯಲ್ಲಿ ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಮೂವತ್ತು ಕಿಲೋಮೀಟರ್ ದೂರದ ಊರಿಗೆ ಇಪ್ಪತ್ತು ನಿಮಿಷದ ನೇರ ರೈಲಿರಬಹುದು. ಹತ್ತು ಕಿಲೋಮೀಟರ್ ದೂರದ ಹಳ್ಳಿಗೆ ಗಂಟೆಗೊಂದು ಬಸ್ಸು, ಅದೂ ಸಂಜೆ ಎಂಟಕ್ಕೆ ಮುಗಿಯಬಹುದು. ಕೊನೆಯ ರೈಲು ಎಷ್ಟಕ್ಕೆ, ಭಾನುವಾರ ಏನು ಗತಿ ಅಂತ ನೋಡಿ. ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ನನ್ನ ಮಿತಿ. ಅದಕ್ಕಿಂತ ಜಾಸ್ತಿ ಆದರೆ ಡಿಸೆಂಬರ್‌ನಲ್ಲಿ, ಸಂಜೆ ನಾಲ್ಕೂವರೆಗೆ ಕತ್ತಲಾಗುವಾಗ, ಕ್ಲಾಸಿಗೆ ಹೋಗಲು ಮನಸ್ಸೇ ಬರುವುದಿಲ್ಲ.

ಸೇರಿದ ದಿನ

ಸಾಮಾನು ಬಿಚ್ಚುವ ಮುಂಚೆ ಕೆಳಗಿಳಿದು ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ಫ್ಲಾಟ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಟ್ಯಾಕ್ಸ್ ನಂಬರ್, ಬ್ಯಾಂಕ್ ಕಾರ್ಡ್, ವಿಮೆ ಕಾರ್ಡ್ ಎಲ್ಲ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗುತ್ತವೆ. ಅನ್‌ಮೆಲ್ಡುಂಗ್ ಆದ ಕೆಲವು ವಾರಕ್ಕೆ ರೇಡಿಯೋ, ಟಿವಿ ಶುಲ್ಕದ ಕಾಗದವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ನಮ್ಮಲ್ಲಿ ಟಿವಿ ಇಲ್ಲ ಅಂತ ಬಿಸಾಡಬೇಡಿ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಒಂದು ಮನೆಗೆ ಒಂದೇ. ವೇಗೇಯಲ್ಲಿ ಈಗಾಗಲೇ ಯಾರೋ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರ ಕಳಿಸಿ, ನಿಮ್ಮ ಪಾಲು ಅವರಿಗೆ ಕೊಡಿ.

ಡಬ್ಬಿಯ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಅರ್ಧ ಜನಕ್ಕೆ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು, ಕೆಲವರಿಗೆ ಬರೀ ಇನಿಷಿಯಲ್, ಕೆಲವರಿಗೆ ಅದೂ ಇಲ್ಲ. ನನ್ನ ಹೆಸರು ಮೊದಲ ವರ್ಷ ಒಂದೊಂದು ಕಚೇರಿಯಲ್ಲಿ ಒಂದೊಂದು ಥರ ಇತ್ತು. ಕೊನೆಗೆ ಡಬ್ಬಿಯ ಮೇಲೆ ಮೂರು ಚೀಟಿ ಅಂಟಿಸಿದ್ದೆ, ನನ್ನದು, ಅಪ್ಪನದು, ಇನಿಷಿಯಲ್‌ನದು. ಅಂಚೆಯವರು ಒಂದು ದಿನ ಗಂಟೆ ಒತ್ತಿ, ಈ ರೂಮಿನಲ್ಲಿ ಎಷ್ಟು ಜನ ಇದ್ದೀರಿ ಅಂತ ಕೇಳಿದರು.